ಗಂಡನ ಆಧಾರ್, ಹೆಂಡತಿಯ ಅರ್ಜಿ

ಹುಬ್ಬಳ್ಳಿಯ ಒಬ್ಬ ತಾಯಿಯ ಕೈಯಲ್ಲಿ ಕುಟುಂಬ ನ್ಯಾಯಾಲಯದ ಆದೇಶವಿತ್ತು. ದೂರವಾದ ಗಂಡ ಪ್ರತಿ ತಿಂಗಳು ಆಕೆಗೆ 10,000 ರೂಪಾಯಿ, ಮಗಳಿಗೆ 5,000 ರೂಪಾಯಿ ಜೀವನಾಂಶ ಕೊಡಬೇಕೆಂದು ಅದರಲ್ಲಿತ್ತು. ಆದರೆ ಕೊಡಬೇಕಾದ ಮನುಷ್ಯ ಎಲ್ಲಿದ್ದಾನೆ ಎಂಬುದೇ ಗೊತ್ತಿರಲಿಲ್ಲ. ವಿಳಾಸವಿಲ್ಲದ ಮೇಲೆ ಆದೇಶ ಜಾರಿಯಾಗುವುದಾದರೂ ಹೇಗೆ? ಎಲ್ಲರ ವಿಳಾಸವೂ ಸಿಗುವ ಒಂದು ಕಡೆ ದೇಶದಲ್ಲಿ ಇದೆಯಲ್ಲ ಎಂದು ಆಕೆ ಮಾಹಿತಿ ಹಕ್ಕು ಕಾಯ್ದೆಯಡಿ ಆಧಾರ್ ಪ್ರಾಧಿಕಾರಕ್ಕೇ ಅರ್ಜಿ ಹಾಕಿದರು. 2021ರ ಫೆಬ್ರುವರಿಯಲ್ಲಿ ಉತ್ತರ ಬಂತು: ಹೈಕೋರ್ಟಿನ ಆದೇಶವಿಲ್ಲದೆ ಕೊಡಲು ಬರುವುದಿಲ್ಲ.

ಪ್ರಕರಣ ಹೈಕೋರ್ಟಿನ ಧಾರವಾಡ ಪೀಠದ ಮೆಟ್ಟಿಲೇರಿತು. 2023ರ ಫೆಬ್ರುವರಿಯಲ್ಲಿ ಏಕಸದಸ್ಯ ಪೀಠ, ಗಂಡನಿಗೆ ನೋಟಿಸ್ ಕೊಟ್ಟು ಆಕೆಯ ಅರ್ಜಿಯನ್ನು ಮತ್ತೊಮ್ಮೆ ಪರಿಶೀಲಿಸಿ ಎಂದು ಪ್ರಾಧಿಕಾರಕ್ಕೆ ಹೇಳಿತು. ಪ್ರಾಧಿಕಾರ ಮೇಲ್ಮನವಿ ಸಲ್ಲಿಸಿತು. ಅದೇ ವರ್ಷದ ಕೊನೆಗೆ ನ್ಯಾಯಮೂರ್ತಿಗಳಾದ ಎಸ್. ಸುನಿಲ್ ದತ್ ಯಾದವ್ ಮತ್ತು ವಿಜಯಕುಮಾರ್ ಎ. ಪಾಟೀಲ್ ಅವರ ವಿಭಾಗೀಯ ಪೀಠ ತೀರ್ಪು ಕೊಟ್ಟಿತು. ಮದುವೆ ಎಂಬ ಸಂಬಂಧ ಒಬ್ಬ ವ್ಯಕ್ತಿಯ ಖಾಸಗಿತನದ ಹಕ್ಕನ್ನು ನುಂಗಿಹಾಕುವುದಿಲ್ಲ, ಗಂಡನ ಮಾತನ್ನೂ ಕೇಳದೆ ಅವನ ಆಧಾರ್ ವಿವರ ಹೆಂಡತಿಗೂ ಕೊಡುವಂತಿಲ್ಲ ಎಂಬುದು ಅದರ ಸಾರ. ಆಧಾರ್ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ಇಂಥ ಮಾಹಿತಿ ಹೊರಬರಬೇಕಾದರೆ ಹೈಕೋರ್ಟ್ ನ್ಯಾಯಮೂರ್ತಿಗಿಂತ ಕೆಳಗಿಲ್ಲದವರ ಆದೇಶ ಬೇಕು, ಅದೂ ಸಂಬಂಧಪಟ್ಟವರ ವಾದ ಕೇಳಿದ ನಂತರ. ಗಂಡನನ್ನೂ ಕಕ್ಷಿದಾರನನ್ನಾಗಿ ಮಾಡಿಕೊಂಡು ಹೊಸದಾಗಿ ವಿಚಾರಣೆ ನಡೆಸಲಿ ಎಂದು ಪ್ರಕರಣ ಏಕಸದಸ್ಯ ಪೀಠಕ್ಕೆ ಮರಳಿತು.

ಮಗಳನ್ನು ಸಾಕುತ್ತಿರುವ ತಾಯಿಯ ಕಡೆಯಿಂದ ನೋಡಿದರೆ ಈ ತೀರ್ಪು ಕಠಿಣ. ಕಾನೂನಿನ ಕಡೆಯಿಂದ ನೋಡಿದರೆ ಸರಿ. ಇಂದು ಜೀವನಾಂಶಕ್ಕಾಗಿ ತೆರೆದ ಬಾಗಿಲಿನಲ್ಲೇ ನಾಳೆ, ತಪ್ಪಿಸಿಕೊಂಡು ಬದುಕುತ್ತಿರುವ ಹೆಂಡತಿಯನ್ನು ಹುಡುಕಿಕೊಂಡು ಹೊಡೆಯುವ ಗಂಡನೂ ಒಳಗೆ ಬರಬಹುದು. ಆಕೆಗೆ ನ್ಯಾಯ ಸಿಗಬೇಕು, ಅದು ನ್ಯಾಯಾಲಯದ ಮೂಲಕವೇ ಸಿಗಬೇಕು.

ಈ ಖಾಸಗಿತನದ ಹಕ್ಕಿನ ಬೇರು ಇರುವುದೂ ಕರ್ನಾಟಕದಲ್ಲೇ. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ಮರುವರ್ಷ ಸೆಪ್ಟೆಂಬರ್ 26ರಂದು ಬಂದ ಎರಡನೇ ತೀರ್ಪು ಆಧಾರ್ ಯೋಜನೆಯನ್ನು ಉಳಿಸಿತು, ಖಾಸಗಿ ಕಂಪನಿಗಳು ಅದನ್ನು ಮನಬಂದಂತೆ ಬಳಸುವುದಕ್ಕೆ ತಡೆ ಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಜಗತ್ತಿನ ಎಲ್ಲೆಲ್ಲೋ ನಡೆಯುವ ಖಾಸಗಿತನದ ಚರ್ಚೆಗಳಲ್ಲಿ ಈ ಕನ್ನಡಿಗರ ಹೆಸರು ಬರುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ಮಾತ್ರ ಅವರ ಪರಿಚಯವಿಲ್ಲ.

ಹೀಗೆ ಹೈಕೋರ್ಟ್ ಇಷ್ಟು ಭದ್ರವಾಗಿ ಕಾಯ್ದ ಆ ಹನ್ನೆರಡು ಅಂಕಿಗಳಿಗೆ ಬೀದಿಯಲ್ಲಿ ಇರುವ ಬೆಲೆ ಎಷ್ಟು? ಧಾರವಾಡದ ಸಪ್ತಾಪುರದ ಕಡೆ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ಬಂದ ಹುಡುಗ ಹುಡುಗಿಯರಿಂದ ಆ ಬೀದಿಗಳು ತುಂಬಿವೆ. ಪೇಯಿಂಗ್ ಗೆಸ್ಟ್ ರೂಮಿಗೆ ಒಂದು ಆಧಾರ್ ಜೆರಾಕ್ಸ್, ಕೋಚಿಂಗ್ ಸೆಂಟರಿಗೆ ಒಂದು. ಹುಬ್ಬಳ್ಳಿಯ ಬಸ್ ನಿಲ್ದಾಣದ ಸುತ್ತಲಿನ ಲಾಡ್ಜ್‌ಗೂ ಒಂದು. ಅರ್ಜಿ ತುಂಬಿಕೊಡುವ ಸೈಬರ್ ಸೆಂಟರಿನವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ ಅವನ ಫೋನಿನಲ್ಲೇ ಉಳಿಯುತ್ತದೆ. ಹಾಳಾದ ನಕಲುಗಳು ಜೆರಾಕ್ಸ್ ಅಂಗಡಿಯ ಕಸದ ಡಬ್ಬಿ ಸೇರುತ್ತವೆ. ಯಾರೂ ಕೆಟ್ಟವರಲ್ಲ. ಆದರೆ ಆ ಕಾಗದ ಎಷ್ಟು ದಿನ ಇರುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ.

2022ರ ಮೇ ತಿಂಗಳಿನಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಈ ಬಗ್ಗೆ ನೇರವಾಗಿಯೇ ಎಚ್ಚರಿಸಿತ್ತು. ಆಧಾರ್ ನಕಲನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಪ್ರಾಧಿಕಾರದ ಪರವಾನಗಿ ಇಲ್ಲದ ಹೋಟೆಲು, ಚಿತ್ರಮಂದಿರಗಳು ನಕಲು ಇಟ್ಟುಕೊಳ್ಳುವಂತಿಲ್ಲ ಎಂದು ಪ್ರಕಟಣೆ ಹೇಳಿತು. ಜನ ಗಾಬರಿಯಾದರು. ತಪ್ಪು ಅರ್ಥಕ್ಕೆ ಎಡೆಯಾಗುತ್ತದೆ ಎಂದು ಸರ್ಕಾರ ಎರಡೇ ದಿನದಲ್ಲಿ ಅದನ್ನು ವಾಪಸು ಪಡೆಯಿತು. ಹಿಂದಕ್ಕೆ ಪಡೆಯಬಾರದಿತ್ತು. ಅಂಥ ಸರಳ ಸಲಹೆ ಆಮೇಲೆ ಅಷ್ಟು ಗಟ್ಟಿಯಾಗಿ ಜನರ ಕಿವಿಗೆ ಬಿದ್ದಿಲ್ಲ. ಮಾಸ್ಕ್ಡ್ ಆಧಾರ್ ಇವತ್ತಿಗೂ ಪ್ರಾಧಿಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಆ ಎಚ್ಚರಿಕೆಯ ಅರ್ಥ ಮರುವರ್ಷವೇ ರಾಜ್ಯಕ್ಕೆ ಅನುಭವದಿಂದ ತಿಳಿಯಿತು. 2023ರಲ್ಲಿ ಬೆಂಗಳೂರು, ಮಂಗಳೂರು ಮೊದಲಾದ ಕಡೆ ಜನರ ಬ್ಯಾಂಕ್ ಖಾತೆಗಳಿಂದ ಹಣ ಮಾಯವಾಗತೊಡಗಿತು. ಯಾರೂ ಒಟಿಪಿ ಹೇಳಿರಲಿಲ್ಲ, ಲಿಂಕ್ ಒತ್ತಿರಲಿಲ್ಲ, ಎಟಿಎಂ ಕಾರ್ಡ್ ಕಳೆದುಕೊಂಡಿರಲಿಲ್ಲ. ಅವರಲ್ಲಿ ಅನೇಕರಿಗೆ ಸಮಾನವಾದ ಒಂದು ಸಂಗತಿಯಿತ್ತು: ಸ್ವಲ್ಪ ದಿನದ ಹಿಂದೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದರು. ಕ್ರಯಪತ್ರದಲ್ಲಿ ಹೆಬ್ಬೆರಳಿನ ಗುರುತಿರುತ್ತದೆ, ಆಧಾರ್ ಸಂಖ್ಯೆ ಇರುತ್ತದೆ. ಆ ಪತ್ರಗಳ ಪ್ರತಿಯನ್ನು ನೋಂದಣಿ ಇಲಾಖೆಯ 'ಕಾವೇರಿ' ತಂತ್ರಾಂಶದಿಂದ ಇಳಿಸಿಕೊಂಡ ಕಳ್ಳರು ಬೆರಳಿನ ಗೆರೆಗಳನ್ನು ಸಿಲಿಕಾನ್‌ನಂಥ ವಸ್ತುವಿನ ಮೇಲೆ ಅಚ್ಚು ತೆಗೆದು ನಕಲಿ ಹೆಬ್ಬೆರಳು ಮಾಡಿದ್ದರು. ಮಂಗಳೂರು ಪೊಲೀಸರು ಈ ಸಂಬಂಧ ಬಿಹಾರದ ಮೂವರನ್ನು ಬಂಧಿಸಿದರು.

ಹಣ ಹೊರಬಂದದ್ದು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಿಂದ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ ಚಿಕ್ಕ ಯಂತ್ರ ಹಿಡಿದು ಬರುತ್ತಾನಲ್ಲ, ಬ್ಯಾಂಕಿನ ಹೆಸರು ಹೇಳಿ, ಆಧಾರ್ ಸಂಖ್ಯೆ ಕೊಟ್ಟು, ಹೆಬ್ಬೆರಳು ಒತ್ತಿದರೆ ದುಡ್ಡು ಕೊಡುತ್ತಾನಲ್ಲ, ಅದೇ ವ್ಯವಸ್ಥೆ. ಬ್ಯಾಂಕು ಹತ್ತಾರು ಕಿಲೋಮೀಟರ್ ದೂರ ಇರುವ ಊರಿನ ಮುದುಕಿಗೆ ಅದು ವರ. ಪಿಂಚಣಿ, ಗೃಹಲಕ್ಷ್ಮಿಯ 2,000 ರೂಪಾಯಿ, ಉದ್ಯೋಗ ಖಾತರಿ ಕೂಲಿ ಎಷ್ಟೋ ಮನೆಗೆ ಹೀಗೆಯೇ ತಲುಪುತ್ತದೆ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆರಳನ್ನು ಬದಲಿಸಲು ಬರುತ್ತದೆಯೇ?

ಸರ್ಕಾರ ಕಾವೇರಿ ದಾಖಲೆಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕಾಣದಂತೆ ಮರೆಮಾಡುವ ವ್ಯವಸ್ಥೆಗೆ ಮುಂದಾಯಿತು. ಆಧಾರ್ ಪ್ರಾಧಿಕಾರವೂ ಜೀವಂತ ಬೆರಳೋ ಅಚ್ಚಿನ ಬೆರಳೋ ಎಂದು ಗುರುತಿಸುವ ಪರೀಕ್ಷೆಯನ್ನು ಬಿಗಿಗೊಳಿಸಿದೆ. ಸಾಮಾನ್ಯರ ಕೈಯಲ್ಲೂ ಒಂದು ಬೀಗ ಇದೆ: ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟರೆ ಯಾರ ಬೆರಳೂ ಕೆಲಸ ಮಾಡುವುದಿಲ್ಲ, ಬೇಕಾದಾಗ ತೆಗೆದುಕೊಳ್ಳಬಹುದು. ಆದರೆ ತಿಂಗಳು ತಿಂಗಳು ಹೆಬ್ಬೆರಳಿನಿಂದಲೇ ಹಣ ತೆಗೆಯುವ, ಸ್ಮಾರ್ಟ್‌ಫೋನ್ ಇಲ್ಲದ ಬಡವರಿಗೆ ಈ ಬೀಗ ಸುಲಭವಲ್ಲ. ಯಾರಿಗೆ ರಕ್ಷಣೆ ಹೆಚ್ಚು ಬೇಕೋ ಅವರಿಗೇ ಅದು ನಿಲುಕುವುದಿಲ್ಲ ಎಂಬುದು ಈ ಇಡೀ ವ್ಯವಸ್ಥೆಯ ದೊಡ್ಡ ಕೊರತೆ.

ಮಾಹಿತಿ ಸೋರುವುದು ಸರ್ಕಾರಿ ಕಚೇರಿಯಿಂದ ಮಾತ್ರವಲ್ಲ. 2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು ಎರಡು ಕೋಟಿ ಗ್ರಾಹಕರ ವಿವರ ಕಳುವಾಗಿ ಅಂತರ್ಜಾಲದ ಕಳ್ಳಸಂತೆಗೆ ಬಂದಿತ್ತು. 2023ರ ಜೂನ್‌ನಲ್ಲಿ ಕೋವಿಡ್ ಲಸಿಕೆ ಪಡೆದವರ ವಿವರ ಟೆಲಿಗ್ರಾಂನಲ್ಲಿ ಫೋನ್ ನಂಬರ್ ಹಾಕಿದರೆ ಸಿಗುತ್ತಿದೆ ಎಂಬ ಸುದ್ದಿ ದೇಶವನ್ನೇ ತಲ್ಲಣಗೊಳಿಸಿತು. ಹೆಸರು, ಫೋನ್ ನಂಬರ್, ವಿಳಾಸ, ಹುಟ್ಟಿದ ದಿನ. ಬಿಡಿಬಿಡಿಯಾಗಿ ನೋಡಿದರೆ ಇವು ಏನೂ ಅಲ್ಲ. ಅಪರಿಚಿತನೊಬ್ಬ ಫೋನ್ ಮಾಡಿ ನಿಮ್ಮ ಹೆಸರು, ನಿಮ್ಮ ಮನೆಯ ವಿಳಾಸ, ನಿಮ್ಮ ಆಧಾರ್‌ನ ಅಂಕಿಗಳನ್ನು ತಾನೇ ಓದಿ ಹೇಳಿದಾಗ ಮಾತ್ರ ಅವುಗಳ ಬೆಲೆ ಗೊತ್ತಾಗುತ್ತದೆ. ಇಷ್ಟೆಲ್ಲ ಗೊತ್ತಿರುವವನು ಪೊಲೀಸನೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. 'ಡಿಜಿಟಲ್ ಅರೆಸ್ಟ್' ಎಂಬ ಮೋಸ ಶುರುವಾಗುವುದು ಅಲ್ಲಿಂದ.

ಧಾರವಾಡಕ್ಕೆ ತೀರ ದೂರವಲ್ಲದ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ 2025ರ ಮಾರ್ಚ್ ಕೊನೆಯ ವಾರ ವೃದ್ಧ ದಂಪತಿ ಜೀವ ಕಳೆದುಕೊಂಡರು. ಮಕ್ಕಳಿರಲಿಲ್ಲ. ನಿವೃತ್ತ ಸರ್ಕಾರಿ ನೌಕರರ ಕುಟುಂಬ. ದೂರಸಂಪರ್ಕ ಇಲಾಖೆಯವನೆಂದು ಹೇಳಿಕೊಂಡ ಒಬ್ಬ, ನಿಮ್ಮ ಹೆಸರಿನ ಸಿಮ್‌ನಿಂದ ಅಪರಾಧ ನಡೆದಿದೆ ಎಂದು ಕರೆ ಮಾಡಿದ್ದ. ಅಪರಾಧ ವಿಭಾಗದ ಅಧಿಕಾರಿ ಎಂದು ಇನ್ನೊಬ್ಬ ಮಾತು ಮುಂದುವರಿಸಿದ್ದ. ಹೆದರಿಸಿ ಹೆದರಿಸಿ ಅವರಿಂದ 50 ಲಕ್ಷ ರೂಪಾಯಿಗೂ ಹೆಚ್ಚು ಸುಲಿದರು. ಚಿನ್ನ ಅಡವಿಟ್ಟು, ಪರಿಚಯದವರಲ್ಲಿ ಸಾಲ ಮಾಡಿ ಕೊಟ್ಟರೂ ಬೇಡಿಕೆ ನಿಲ್ಲಲಿಲ್ಲ. ತಮ್ಮ ಕೊನೆಯ ಪತ್ರದಲ್ಲಿ ಅವರು ಯೋಚಿಸಿದ್ದು ಸಾಲ ಕೊಟ್ಟವರ ಹಣ ಹೇಗಾದರೂ ಮುಟ್ಟಬೇಕು ಎಂಬುದನ್ನು. ಇಡೀ ಬದುಕು ಮರ್ಯಾದೆಯಿಂದ ಬಾಳಿದವರನ್ನೇ ಈ ಕಳ್ಳರು ಆರಿಸಿಕೊಳ್ಳುತ್ತಾರೆ, ಏಕೆಂದರೆ ಪೊಲೀಸ್ ಠಾಣೆ ಎಂಬ ಮಾತಿಗೇ ಅವರು ನಡುಗುತ್ತಾರೆ.

ಈ ಮೋಸದ ಹಂತಗಳು ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಸಿಮ್ ಬಂದ್ ಆಗುತ್ತದೆ, ನಿಮ್ಮ ಖಾತೆಗೆ ಅಕ್ರಮ ಹಣ ಬಂದಿದೆ ಎಂದು ಮೊದಲ ಕರೆ. ಆಮೇಲೆ ವಿಡಿಯೊ ಕಾಲ್. ಖಾಕಿ ತೊಟ್ಟವನು, ಹಿಂದೆ ಇಲಾಖೆಯ ಲಾಂಛನ, ಕೆಲವೊಮ್ಮೆ ನ್ಯಾಯಾಲಯದ ಸೆಟ್. ಯಾರಿಗೂ ಹೇಳಬಾರದು, ಕ್ಯಾಮೆರಾ ಆಫ್ ಮಾಡಬಾರದು, ಕೋಣೆ ಬಿಟ್ಟು ಏಳಬಾರದು. ಕೊನೆಗೆ, ತಪಾಸಣೆಗಾಗಿ ನಿಮ್ಮ ಹಣವನ್ನು ರಿಸರ್ವ್ ಬ್ಯಾಂಕಿನ ಖಾತೆಗೆ ಹಾಕಿ, ನಿರ್ದೋಷಿ ಎಂದಾದರೆ ವಾಪಸು ಬರುತ್ತದೆ. ಓದುಬರಹ ಇಲ್ಲದವರಷ್ಟೇ ಇದಕ್ಕೆ ಬೀಳುತ್ತಾರೆ ಎಂದುಕೊಂಡರೆ ತಪ್ಪು. 2024ರ ಕೊನೆಗೆ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹೀಗೆ 11.8 ಕೋಟಿ ರೂಪಾಯಿ ಕಳೆದುಕೊಂಡರು. ಮರುವರ್ಷ ಅದೇ ನಗರದ ಮಹಿಳೆಯೊಬ್ಬರು ತಿಂಗಳುಗಟ್ಟಲೆ ಬೆದರಿಕೆಯಲ್ಲಿ ಬದುಕಿ 31 ಕೋಟಿಗೂ ಹೆಚ್ಚು ಕಳೆದುಕೊಂಡದ್ದು ಬೆಳಕಿಗೆ ಬಂತು.

ಹೆದರದವರೂ ಇದ್ದಾರೆ. ವಿಜಯಪುರದ ಒಬ್ಬರಿಗೆ ಮುಂಬೈ ಪೊಲೀಸ್ ಎಂದು ಕರೆ ಬಂದಾಗ ಅವರು ಗಾಬರಿಯಾಗದೆ ಮಾತು ಬೆಳೆಸುತ್ತಾ ಎಲ್ಲವನ್ನೂ ರೆಕಾರ್ಡ್ ಮಾಡಿದರು. ಅದೇ ಸಂಭಾಷಣೆಯನ್ನು ಪ್ರಧಾನಿ 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ದೇಶಕ್ಕೆಲ್ಲ ಕೇಳಿಸಿದರು. ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಫೋನಿನಲ್ಲಿ ಯಾರನ್ನೂ ಬಂಧಿಸಲು ಬರುವುದಿಲ್ಲ. ಪೊಲೀಸರು ವಿಚಾರಣೆಗೆ ಕರೆಯುವ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷದ ಡಿಸೆಂಬರ್ 1ರಂದು, ದೇಶದಾದ್ಯಂತ ನಡೆದ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿದೆ.

ಕಿತ್ತುಕೊಂಡ ಹಣ ಹೋಗುವುದೆಲ್ಲಿಗೆ? ಕಳ್ಳ ತನ್ನ ಹೆಸರಿನ ಖಾತೆಗೆ ಹಾಕಿಕೊಳ್ಳುವುದಿಲ್ಲ. ಬಾಡಿಗೆ ಖಾತೆ ಹುಡುಕುತ್ತಾನೆ. ಖರ್ಚಿಗೆ ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ, ಕೆಲಸ ಹುಡುಕುತ್ತಿರುವ ಯುವಕ, ದಿನಗೂಲಿಯವನು, ಇವರ ಹೆಸರಿನಲ್ಲಿ ಖಾತೆ ತೆರೆಸಿ, ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಎಲ್ಲವನ್ನೂ ಒಂದಿಷ್ಟು ಸಾವಿರಕ್ಕೆ ಕೊಂಡುಕೊಳ್ಳುತ್ತಾನೆ. ಹಣ ನಿಮಿಷಗಳಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹತ್ತಕ್ಕೆ ಹಂಚಿಹೋಗಿ ಕ್ರಿಪ್ಟೊ ಆಗಿ ದೇಶ ದಾಟುತ್ತದೆ. ಪೊಲೀಸರು ಮೊದಲು ಬಂದು ಬಾಗಿಲು ಬಡಿಯುವುದು ಖಾತೆ ಬಾಡಿಗೆಗೆ ಕೊಟ್ಟವನ ಮನೆಯದು. ಸರ್ಕಾರಿ ನೌಕರಿಯ ಕನಸು ಹೊತ್ತು ಧಾರವಾಡಕ್ಕೆ ಬಂದ ಹುಡುಗನ ಮೇಲೆ ಇಂಥದ್ದೊಂದು ಕ್ರಿಮಿನಲ್ ಪ್ರಕರಣ ಬಿದ್ದರೆ ಆ ಕನಸು ಅಲ್ಲಿಗೇ ಮುಗಿಯಿತು. ಕಾಲೇಜುಗಳು ಪ್ರವೇಶದ ದಿನವೇ ಈ ಮಾತನ್ನು ಹೇಳಬೇಕು.

ಕರೆ ಮಾಡುವವರಲ್ಲೂ ಎಲ್ಲರೂ ಇಷ್ಟಪಟ್ಟು ಬಂದವರಲ್ಲ. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಎಂದು ನಂಬಿಸಿ ಕರೆದೊಯ್ದು ಮ್ಯಾನ್ಮಾರ್, ಕಾಂಬೋಡಿಯಾದ ಬೇಲಿಯೊಳಗೆ ಕೂಡಿಹಾಕಿ ಮೋಸದ ಕರೆ ಮಾಡಿಸುವ ದಂಧೆ ದೊಡ್ಡದಾಗಿ ಬೆಳೆದಿದೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಭಾರತ ಸರ್ಕಾರ ಅಲ್ಲಿಂದ 549 ಮಂದಿಯನ್ನು ವಾಪಸು ಕರೆತಂದಿತು.

ಈ ಎಲ್ಲದರ ಒಟ್ಟು ಲೆಕ್ಕ ಕೇಂದ್ರ ಸರ್ಕಾರವೇ ಸಂಸತ್ತಿಗೆ ಕೊಟ್ಟಿದೆ. ಸೈಬರ್ ವಂಚನೆಯಲ್ಲಿ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು.

ಪೊಲೀಸ್ ವ್ಯವಸ್ಥೆಯಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವೇನಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ನಂತರ ಜಿಲ್ಲೆಗೊಂದು ಸಿಇಎನ್ ಠಾಣೆ ಬಂತು. ಹುಬ್ಬಳ್ಳಿ-ಧಾರವಾಡ ಕಮಿಷನರೇಟ್‌ಗೂ ಒಂದು ಇದೆ. ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು ಮೂರೂ ಒಂದೇ ಠಾಣೆಯ ಹೆಗಲಿಗೆ ಬಿದ್ದಿದ್ದವು. 2025ರಲ್ಲಿ ರಾಜ್ಯ ಸರ್ಕಾರ ಡಿಜಿಪಿ ದರ್ಜೆಯ ಅಧಿಕಾರಿಯ ಕೈಕೆಳಗೆ ಪ್ರತ್ಯೇಕ ಸೈಬರ್ ಕಮಾಂಡ್ ಘಟಕ ಮಾಡಿ ಈ ಠಾಣೆಗಳನ್ನು ಅದರಡಿ ತಂದಿತು. ಒಳ್ಳೆಯ ಹೆಜ್ಜೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ಆಗಿದೆ, ಐಐಟಿ ಇದೆ, ಐಐಐಟಿ ಇದೆ. ಫೋನು, ಕಂಪ್ಯೂಟರುಗಳೊಳಗಿನ ಸಾಕ್ಷ್ಯ ಹೊರತೆಗೆಯಬಲ್ಲ ತಜ್ಞರನ್ನು ತಯಾರು ಮಾಡಲು ಉತ್ತರ ಕರ್ನಾಟಕ ಇನ್ನು ಬೆಂಗಳೂರಿನ ಕಡೆ ನೋಡಬೇಕಿಲ್ಲ. ಆ ತಜ್ಞರು ಇಲ್ಲಿನ ಠಾಣೆಗಳಿಗೆ ಬಂದು ಸೇರಬೇಕು, ಅಷ್ಟೆ.

ಹಣ ಹೋದವರಿಗೆ ಠಾಣೆಗಿಂತ ಮೊದಲು ಬೇಕಾದದ್ದು ಒಂದು ನಂಬರ್: ಸೈಬರ್ ವಂಚನೆಯ ಸಹಾಯವಾಣಿ 1930. ಮೊದಲ ಒಂದೆರಡು ತಾಸಿನೊಳಗೆ ಕರೆ ಹೋದರೆ ಹಣ ತಲುಪಿದ ಖಾತೆಯನ್ನು ಬ್ಯಾಂಕುಗಳು ತಡೆಹಿಡಿಯುತ್ತವೆ. ಮರುದಿನ ಮಗ ಬೆಂಗಳೂರಿನಿಂದ ಬರಲಿ, ಅವನನ್ನು ಕೇಳಿ ಹೇಳೋಣ ಎಂದು ಕಾದರೆ ಹಣ ಅಷ್ಟರಲ್ಲಿ ಹತ್ತು ಕೈ ದಾಟಿರುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕನ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವನ ಮೇಲೆ ನಷ್ಟದ ಹೊಣೆ ಬರುವುದಿಲ್ಲ. ಒಟಿಪಿ ತಾನೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ಅವನದೇ. ಹೆಬ್ಬೆರಳ ನಕಲಿನಿಂದ ಹಣ ಹೋದವರು ಈ ನಿಯಮ ತೋರಿಸಿ ಕೇಳಬಹುದು.

ಒಟಿಪಿ ಯಾರಿಗೂ ಹೇಳಬೇಡಿ ಎಂದು ಹತ್ತು ವರ್ಷದಿಂದ ಜನರಿಗೆ ಕಲಿಸಿದ್ದೇವೆ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಮನೆ ಬಾಗಿಲಿಗೆ ಬಂದ ಶಿಕ್ಷಕರು ಒಟಿಪಿ ಕೇಳಬೇಕಾಯಿತು. ಹಿಂಜರಿದವರದು ತಪ್ಪಲ್ಲ, ಅವರು ಪಾಠ ಚೆನ್ನಾಗಿ ಕಲಿತಿದ್ದರು. ಬಿಸಿಲಲ್ಲಿ ಮನೆಮನೆ ಅಲೆದ ಶಿಕ್ಷಕರದೂ ತಪ್ಪಲ್ಲ. ಒಂದು ಕೈಯಲ್ಲಿ ಎಚ್ಚರಿಕೆ ಕೊಟ್ಟು ಇನ್ನೊಂದು ಕೈಯಲ್ಲಿ ಅದನ್ನೇ ಮುರಿಯಲು ಹೇಳುವ ಯೋಜನೆಯ ತಪ್ಪು ಅದು. ಸಮೀಕ್ಷೆಯಲ್ಲಿ ಉತ್ತರ ಕೊಡುವುದು ಜನರ ಇಚ್ಛೆ, ಸಂಗ್ರಹಿಸಿದ ಮಾಹಿತಿ ಗುಟ್ಟಾಗಿಯೇ ಉಳಿಯಬೇಕು ಎಂದು ಹೈಕೋರ್ಟ್ ಮೂರೇ ದಿನದಲ್ಲಿ ಆದೇಶಿಸಿತು.

ಇನ್ನು ಹೊಸ ಕಾನೂನು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ಅಂಕಿತ ಬಿತ್ತು, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ. ಮಾಹಿತಿಯನ್ನು ಭದ್ರವಾಗಿ ಇಡದೆ ಸೋರಲು ಬಿಟ್ಟವರಿಗೆ 250 ಕೋಟಿ ರೂಪಾಯಿವರೆಗೆ ದಂಡ. ಹದಿನೆಂಟು ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ನೋಟಿಸು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಸಿಗಬೇಕು, ಆ ಪಟ್ಟಿಯಲ್ಲಿ ಕನ್ನಡವಿದೆ. ಆ್ಯಪ್‌ಗಳು ಇಂಗ್ಲಿಷಿನಲ್ಲಿ ಮಾರುದ್ದ ಬರೆದು ಕೆಳಗೆ ಒತ್ತಿಸಿಕೊಳ್ಳುವ 'ಒಪ್ಪಿಗೆ'ಯನ್ನು, ಆ ಹೊಣೆ ಜಾರಿಯಾದ ಮೇಲೆ, ಕನ್ನಡದಲ್ಲೇ ಕೊಡಿ ಎಂದು ಕೇಳುವುದು ಹಕ್ಕು. ಕನ್ನಡ ಸಂಘಟನೆಗಳು ಬೋರ್ಡಿನ ಅಕ್ಷರಕ್ಕೆ ಕೊಡುವಷ್ಟು ಗಮನವನ್ನು ಇದಕ್ಕೂ ಕೊಡಲಿ.

ಈ ಕಾಯ್ದೆಗೆ ಇನ್ನೊಂದು ಮುಖವಿದೆ. ಇದು ಮಾಹಿತಿ ಹಕ್ಕು ಕಾಯ್ದೆಯ ಎಂಟನೇ ಸೆಕ್ಷನ್ನಿಗೆ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಲು ದಾರಿ ಮಾಡಿದೆ. ಅಧಿಕಾರಿಯ ಆಸ್ತಿ, ಫಲಾನುಭವಿಗಳ ಪಟ್ಟಿ, ಗುತ್ತಿಗೆದಾರನ ಹೆಸರು ಎಲ್ಲಕ್ಕೂ ಈ ಪರದೆ ಎಳೆದರೆ ಗತಿಯೇನು ಎಂದು ಪತ್ರಕರ್ತರು, ಮಾಹಿತಿ ಹಕ್ಕು ಹೋರಾಟಗಾರರು ಕೇಳುತ್ತಿದ್ದಾರೆ. ಅವರ ಆತಂಕ ನ್ಯಾಯವಾದದ್ದು. ಪುಟ್ಟಸ್ವಾಮಿಯವರು ಹೋರಾಡಿದ್ದು ಪ್ರಜೆಯ ಗುಟ್ಟನ್ನು ಉಳಿಸಲು, ಅಧಿಕಾರದ ಗುಟ್ಟನ್ನಲ್ಲ.

ಕಾನೂನು ಪೂರ್ತಿ ಜಾರಿಗೆ ಬರುವ ತನಕ ಕಾಯಬೇಕಿಲ್ಲದ ಕೆಲಸಗಳು ಮನೆಯಲ್ಲೇ ಇವೆ. ಓದಲು, ದುಡಿಯಲು ಊರು ಬಿಟ್ಟ ಮಕ್ಕಳು ಮುಂದಿನ ಸಲ ಮನೆಗೆ ಬಂದಾಗ ಅಪ್ಪ ಅವ್ವನ ಜೊತೆ ಅರ್ಧ ತಾಸು ಕೂತುಕೊಳ್ಳಿ. ಅವರ ಬಯೋಮೆಟ್ರಿಕ್ ಲಾಕ್ ಮಾಡಿ. ಅವರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ಜಾಲತಾಣದಲ್ಲಿ ನೋಡಿ, ಗೊತ್ತಿಲ್ಲದ್ದನ್ನು ಬಂದ್ ಮಾಡಿಸಿ. ಮದುವೆ ಕಾರ್ಡೋ ಟ್ರಾಫಿಕ್ ದಂಡವೋ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು ಒತ್ತಬಾರದೆಂದು ತೋರಿಸಿಕೊಡಿ. "ಅಪ್ಪಾ, ಪೊಲೀಸ್ರು ಅಂತ ಯಾರರ ಫೋನ್ ಮಾಡಿದ್ರ ಇಟ್ಟುಬಿಡ್ರಿ, ಆಮ್ಯಾಲೆ ನನಗ ಹೇಳ್ರಿ" ಎಂದು ಒಂದು ಮಾತು ಹೇಳಿ. ಗೋಡೆಯ ಕ್ಯಾಲೆಂಡರಿನ ಮೇಲೆ 1930 ಎಂದು ದಪ್ಪಗೆ ಬರೆದಿಡಿ. ಅಷ್ಟರಲ್ಲೇ ಹಣ ಹೋಗಿದೆ ಎಂದು ಗೊತ್ತಾದರೆ ದಯವಿಟ್ಟು ಬೈಯಬೇಡಿ, ಮೊದಲು ಆ ನಂಬರಿಗೆ ಫೋನ್ ಮಾಡಿ.